ಉಳ್ಳಾಲದ ಅಬ್ಬಕ್ಕದೇವಿ ಚೌಟಳ ಸ್ವತಂತ್ರವೃತ್ತಿ

೧

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಮಾರ್ಗದಲ್ಲಿ ಸಿದ್ಧಕಟ್ಟೆಯೆಂಬ ಗ್ರಾಮವಿದೆ. ಪ್ರಾಚೀನ ತುಳುನಾಡಿನ ರಾಜ್ಯವಿಭಾಗಗಳನ್ನು ಅರಿಯಬೇಕೆನ್ನುವವನು ಈ ಊರಿನಲ್ಲಿ ನಿಂತು ನಾಲ್ಕು ದಿಕ್ಕುಗಳನ್ನೂ ಒಮ್ಮೆ ನೆನೆಯುವುದು ಒಳ್ಳೆಯದು. ಉತ್ತರಕ್ಕೆ ಚೌಟರ ಪುತ್ತಿಗೆ ಮತ್ತು ಮೂಡುಬಿದಿರೆ. ಪೂರ್ವೋತ್ತರಕ್ಕೆ ಅಜಿಲರ ವೇಣೂರು. ದಕ್ಷಿಣಕ್ಕೆ ನೇತ್ರಾವತಿಯ ದಡದಲ್ಲಿ ಬಂಗರ ನಂದಾವರ. ಪೂರ್ವಕ್ಕೆ ಘಟ್ಟದ ಬುಡದಲ್ಲಿ ಅದೇ ಬಂಗರ ಮೂಲಸ್ಥಾನವಾದ ಬಂಗವಾಡಿ. ಒಂದೆರಡು ದಿನಗಳ ನಡಿಗೆಯೊಳಗೆ ಮೂರು ಅರಸುಮನೆತನಗಳ ನೆಲವನ್ನು ಮುಟ್ಟಬಹುದು. ಈ ಮನೆತನಗಳು ಒಂದರೊಡನೊಂದು ಹೆಣ್ಣು ಕೊಟ್ಟು ತಂದವು, ಒಂದರೊಡನೊಂದು ಹೋರಾಡಿದವು, ಮತ್ತೆ ಒಂದಾದವು. ಅವು ಕಟ್ಟಿಸಿದ ಬಸದಿಗಳೂ ನಿಲ್ಲಿಸಿದ ಪ್ರತಿಮೆಗಳೂ ಇಂದಿಗೂ ಉಳಿದಿವೆ. ವೇಣೂರಿನಲ್ಲಿ ತಿಮ್ಮರಸ ಅಜಿಲನು ಕ್ರಿ. ಶ. ೧೬೦೪ರಲ್ಲಿ ನಿಲ್ಲಿಸಿದ ೩೫ ಅಡಿಗಳ ಗೊಮ್ಮಟವಿದೆ. ಮೂಡುಬಿದಿರೆಯಲ್ಲಿ ೧೪೩೦ರಲ್ಲಿ ಆರಂಭವಾದ ಸಾವಿರಕಂಬದ ಬಸದಿಯಿದೆ. ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರ, ಪಂಚನಾರೀತುರಗ ಮೊದಲಾದ ಕೆತ್ತನೆಗಳಿವೆ.

ಕಲ್ಲಿನಲ್ಲಿಯೂ ಮರದಲ್ಲಿಯೂ ಉಳಿದುದು ಮನೆತನಗಳ ಕೀರ್ತಿ. ಆ ಮನೆತನಗಳಲ್ಲಿ ಹುಟ್ಟಿದ ಒಬ್ಬೊಬ್ಬ ವ್ಯಕ್ತಿಯು ದಿನನಿತ್ಯ ಹೇಗೆ ಬಾಳಿದನು, ಏನನ್ನುಟ್ಟನು, ಯಾರೊಡನೆ ಏನು ಮಾತನಾಡಿದನು ಎಂಬುದನ್ನು ಶಾಸನಗಳು ಹೇಳುವುದಿಲ್ಲ; ಹೇಳುವುದು ಅವುಗಳ ಕೆಲಸವೂ ಅಲ್ಲ. ಆದರೆ ಚೌಟರ ವಂಶದ ಒಬ್ಬ ರಾಣಿಯ ವಿಷಯದಲ್ಲಿ ಮಾತ್ರ ನಮಗೆ ಅಪೂರ್ವವಾದ ಒಂದು ಸಾಕ್ಷ್ಯವು ದೊರಕಿದೆ. ಆಕೆ ಉಳ್ಳಾಲದಿಂದ ಆಳಿದ ಅಬ್ಬಕ್ಕದೇವಿ ಚೌಟಳು. ಗಂಡನನ್ನು ತಾನಾಗಿ ಬಿಟ್ಟವಳು, ಬರಿಗಾಲಿನಲ್ಲಿ ಬೀದಿಯಲ್ಲಿ ನಡೆದವಳು, ಗದ್ದೆಯ ಕಾಲುವೆಗಳನ್ನು ತಾನೇ ನಿಂತು ತೋಡಿಸಿದವಳು, ರಾತ್ರಿಯವರೆಗೆ ಪ್ರಜೆಗಳ ವ್ಯಾಜ್ಯಗಳನ್ನು ಕೇಳಿದವಳು ಎಂಬ ಈ ರಾಣಿಯ ಬಾಳು ಲೋಕರೂಢಿಗೆ ಹೊರತಾದುದೆಂದು ಹಲವರು ಬಗೆದಿರುವರು. ಅದು ಎಷ್ಟರ ಮಟ್ಟಿಗೆ ರೂಢಿಗೆ ಹೊರತು, ಎಷ್ಟರ ಮಟ್ಟಿಗೆ ರೂಢಿಯೊಳಗಣದು, ಆ ಸ್ವಾತಂತ್ರ್ಯಕ್ಕೆ ಆಕೆ ತೆತ್ತ ಬೆಲೆಯೇನು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಸಾಕ್ಷಿಯ ವಿಷಯ. ಪಿಯೆತ್ರೊ ದೆಲ್ಲಾ ವಲ್ಲೆ ಎಂಬವನು ಇಟಲಿಯ ರೋಮಾನಗರದ ಶ್ರೀಮಂತ ಮನೆತನದಲ್ಲಿ ೧೫೮೬ರಲ್ಲಿ ಹುಟ್ಟಿದವನು. ಪ್ರೇಮಭಂಗದಿಂದ ನೊಂದು, ಯಾತ್ರಿಕನ ವೇಷವನ್ನು ತೊಟ್ಟು, ೧೬೧೪ರಲ್ಲಿ ವೆನಿಸಿನಿಂದ ಹಡಗನ್ನೇರಿದನು. ತುರ್ಕಿ, ಈಜಿಪ್ಟು, ಜೆರೂಸಲೆಮು, ಪಾರಸಿಕ ದೇಶಗಳನ್ನು ಸುತ್ತಿ ೧೬೨೩ರ ಫೆಬ್ರವರಿಯಲ್ಲಿ ಸೂರತ್ತಿನಲ್ಲಿಳಿದು, ಅಲ್ಲಿಂದ ಗೋವೆಗೆ ಬಂದನು. ಅದೇ ವರ್ಷದ ಕೊನೆಯಲ್ಲಿ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದಾಗ, ದೇಶ ನೋಡುವ ಆಸೆಯಿಂದ ಇವನೂ ಜೊತೆಗೂಡಿದನು. ಇಕ್ಕೇರಿಯನ್ನು ಕಂಡು, ಘಟ್ಟವಿಳಿದು, ಬಸರೂರಿನ ಮಾರ್ಗವಾಗಿ ಡಿಸೆಂಬರು ತಿಂಗಳಲ್ಲಿ ಮಂಗಳೂರಿಗೆ ಬಂದನು. ತಾನು ಕಂಡುದೆಲ್ಲವನ್ನೂ ನೇಪಲ್ಸಿನಲ್ಲಿದ್ದ ತನ್ನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊ ಎಂಬವನಿಗೆ ಪತ್ರರೂಪದಲ್ಲಿ ಬರೆದನು. ಈ ಪತ್ರಗಳ ಭಾರತ ಭಾಗವು ಹದಿನೇಳನೆಯ ಶತಮಾನದಲ್ಲಿಯೇ ಇಂಗ್ಲಿಷಿಗೆ ಬಂದಿತು. ಹಕ್ಲೂಯ್ಟ್ ಸಂಘದವರು ಅದನ್ನು ಎಡ್ವರ್ಡ್ ಗ್ರೇ ಎಂಬವರ ಟಿಪ್ಪಣಿಗಳೊಡನೆ ೧೮೯೨ರಲ್ಲಿ ಪುನಃ ಪ್ರಕಟಿಸಿದರು.

ಈ ಸಾಕ್ಷಿಯ ಗುಣವೂ ದೋಷವೂ ಒಂದೇ ಮೂಲದಿಂದ ಹೊರಟವು. ಇವನು ವರ್ತಕನಲ್ಲ, ಪಾದ್ರಿಯಲ್ಲ, ಸೈನಿಕನಲ್ಲ. ಆದುದರಿಂದ ಲಾಭದ ಲೆಕ್ಕವಾಗಲಿ ಮತಪ್ರಚಾರದ ಆತುರವಾಗಲಿ ಅವನ ಕಣ್ಣನ್ನು ಅಷ್ಟಾಗಿ ಮುಚ್ಚಲಿಲ್ಲ. ಕಂಡುದನ್ನು ಕಂಡಂತೆ, ಅಳತೆ ಬಣ್ಣಗಳೊಡನೆ ಬರೆಯುವ ಅಭ್ಯಾಸ ಅವನದು. ಆದರೆ ರಾಣಿಯೆಂದರೆ ಪಟ್ಟೆಪೀತಾಂಬರಗಳ ನಡುವೆ ಕುಳಿತವಳೆಂಬ ಯುರೋಪದ ಕಲ್ಪನೆಯನ್ನೂ ಅವನು ಹೊತ್ತು ಬಂದಿದ್ದನು. ತುಳು ಕನ್ನಡಗಳು ಬಾರದುದರಿಂದ ದುಭಾಷಿಗಳ ಮಾತನ್ನೇ ಅವಲಂಬಿಸಬೇಕಾಯಿತು. ಕಣ್ಣಾರೆ ಕಂಡುದು ಬೇರೆ, ಕಿವಿಯಿಂದ ಕೇಳಿದುದು ಬೇರೆ ಎಂಬ ಭೇದವನ್ನು ಅವನ ಬರಹದಲ್ಲಿ ನಾವು ಸದಾ ಗಮನಿಸಬೇಕು. ರಾಣಿಯ ರೂಪ, ನಡೆ, ಮಾತುಗಳು ಮೊದಲನೆಯ ವರ್ಗಕ್ಕೂ, ಆಕೆಯ ಸಂಸಾರದ ಸಂಗತಿಗಳು ಎರಡನೆಯ ವರ್ಗಕ್ಕೂ ಸೇರುವುವು.

೩

ದೆಲ್ಲಾ ವಲ್ಲೆಯು ಮಂಗಳೂರಿಗೆ ಬಂದಾಗ ರಾಣಿಯು ಉಳ್ಳಾಲದಲ್ಲಿರಲಿಲ್ಲ. ಗುರುಪುರದ ಸಮೀಪದ ಮಣೇಲಿನಲ್ಲಿದ್ದಳು. ಅವನು ಅಲ್ಲಿಗೇ ಹೋದನು. ಅರಮನೆಯಲ್ಲಿ ದರ್ಶನಕ್ಕಾಗಿ ಕಾಯಬೇಕಾದೀತೆಂದು ಎಣಿಸಿದ್ದವನಿಗೆ ಬೀದಿಯಲ್ಲಿಯೇ ರಾಣಿಯು ಎದುರಾದಳು. ಸುತ್ತಲೂ ಹೆಂಗಸರ ಪರಿವಾರವಿಲ್ಲ. ಕತ್ತಿ ಗುರಾಣಿ ಹಿಡಿದ ಕೆಲವು ಆಳುಗಳು, ತಾಳೆಯೋಲೆಯ ಕೊಡೆಯನ್ನು ಹಿಡಿದವನೊಬ್ಬನು, ಇಷ್ಟೇ. ರಾಣಿಯು ಬರಿಗಾಲಿನಲ್ಲಿ ನಡೆದು ಬರುತ್ತಿದ್ದಳು. ಸೊಂಟದಿಂದ ಕೆಳಗೆ ದಪ್ಪನೆಯ ಬಿಳಿಯ ಹತ್ತಿಯ ಬಟ್ಟೆ. ತಲೆಯ ಮೇಲೆ ಬಿಸಿಲಿಗೆಂದು ಹೊದೆದ ಇನ್ನೊಂದು ಬಟ್ಟೆ. ಮೈಬಣ್ಣ ಕಪ್ಪು; ದೇಹ ಸ್ವಲ್ಪ ಸ್ಥೂಲ; ವಯಸ್ಸು ಸುಮಾರು ೪೦ ಎಂದು ಅವನ ಊಹೆ. ಹೊರಗಿನ ರೂಪವನ್ನು ಮಾತ್ರ ನೋಡಿದರೆ ಅಡಿಗೆಮನೆಯ ದಾಸಿಯೆಂದು ತಿಳಿಯಬೇಕಾದೀತೆಂದು ಅವನು ಬರೆದಿರುವನು. ಆದರೆ ಮಾತು ಆರಂಭವಾದೊಡನೆ ಆಕೆಯ ವಿವೇಕವೂ ಗಾಂಭೀರ್ಯವೂ ರಾಣಿಗೆ ತಕ್ಕುದೇ ಆಗಿದ್ದುವೆಂದು ಅವನೇ ಒಪ್ಪಿರುವನು.

ಆಕೆ ಹೋಗುತ್ತಿದ್ದುದು ಎಲ್ಲಿಗೆ? ಗದ್ದೆಗಳಿಗೆ ನೀರು ಹಾಯಿಸಲು ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡುವುದಕ್ಕೆ. ರೋಮಾನಗರದವನಿಗೆ ಇದು ವಿಚಿತ್ರವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ತುಳುನಾಡಿನ ಬೇಸಾಯವನ್ನು ಬಲ್ಲವರಿಗೆ ಡಿಸೆಂಬರು ತಿಂಗಳಿನ ಈ ಕೆಲಸದ ಅರ್ಥವು ಕೂಡಲೆ ತಿಳಿಯುವುದು. ಮಳೆಗಾಲದ ಏಣೇಲು ಬೆಳೆಗೆ ನೀರಿನ ಚಿಂತೆಯಿಲ್ಲ. ಮಳೆ ನಿಂತ ಮೇಲೆ ಬರುವ ಸುಗ್ಗಿ ಬೆಳೆಗೂ, ಅದರ ಬಳಿಕ ಬೈಲುಗದ್ದೆಗಳಲ್ಲಿ ಮಾತ್ರ ತೆಗೆಯಬಹುದಾದ ಕೊಳಕೆ ಬೆಳೆಗೂ ತೋಡುಗಳಿಗೆ ಕಟ್ಟ ಕಟ್ಟಿ ನೀರನ್ನು ಏರಿಸಿ ಕಾಲುವೆಯಲ್ಲಿ ಹಾಯಿಸಬೇಕು. ಬೆಟ್ಟುಗದ್ದೆಯಲ್ಲಿ ಒಂದು ಬೆಳೆ, ಮಜಲಿನಲ್ಲಿ ಎರಡು, ಬೈಲಿನಲ್ಲಿ ಮೂರು ಎಂಬುದು ಈ ಸೀಮೆಯ ಲೆಕ್ಕ. ಆದುದರಿಂದ ಒಂದು ಕಾಲುವೆಯು ಸರಿಯಾದ ಕಾಲಕ್ಕೆ ತೋಡಲ್ಪಡುವುದೂ ಬಿಡುವುದೂ ಒಂದು ಗ್ರಾಮದ ವರ್ಷದ ಅನ್ನವನ್ನೇ ನಿರ್ಣಯಿಸುವುದು.

ಇದಕ್ಕೆ ರಾಜಕೀಯವಾದ ಇನ್ನೊಂದು ಮುಖವೂ ಉಂಟು. ಆ ಕಾಲದಲ್ಲಿ ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬುತ್ತಿದ್ದುದು ಬಹುಮಟ್ಟಿಗೆ ಕನ್ನಡ ಕರಾವಳಿಯ ಅಕ್ಕಿಯಿಂದ. ಮಂಗಳೂರು, ಬಸರೂರು, ಹೊನ್ನಾವರಗಳ ಬಂದರುಗಳಿಗಾಗಿ ಅವರು ಪಟ್ಟ ಪಾಡೆಲ್ಲವೂ ಅಕ್ಕಿ ಮೆಣಸುಗಳಿಗಾಗಿಯೇ. ಅಕ್ಕಿಯನ್ನು ಬೆಳೆಸುವ ನೀರು ಯಾರ ಕೈಯಲ್ಲಿರುವುದೋ ರಾಜ್ಯವು ಅವರ ಕೈಯಲ್ಲಿರುವುದು ಎಂಬುದನ್ನು ಈ ರಾಣಿಯು ಚೆನ್ನಾಗಿ ಅರಿತಿದ್ದಳೆಂದು ಹೇಳಬೇಕು. ಅವಳ ಬರಿಗಾಲು ಬಡತನದ ಗುರುತಲ್ಲ. ಗದ್ದೆಯ ಅಂಚಿನಲ್ಲಿ ನಡೆಯುವವರು ಪಾದರಕ್ಷೆಯನ್ನು ಮೆಟ್ಟಿಕೊಂಡು ಹೋಗುವುದಿಲ್ಲ. ಆ ಉಡುಪೂ ಅಂದಿನ ಈ ನಾಡಿನ ಹವೆಗೆ ತಕ್ಕ ಉಡುಪೇ ಹೊರತು ವೈರಾಗ್ಯದ ವೇಷವಲ್ಲ. ಆದರೂ ತಾನು ಹೋಗದೆ ಪಾರುಪತ್ಯಗಾರನನ್ನು ಕಳುಹಿಸಬಹುದಾಗಿದ್ದಿತು. ಹಾಗೆ ಮಾಡದೆ ತಾನೇ ಹೋದುದು ಆಕೆಯ ಸ್ವಂತದ ನಿರ್ಧಾರ. ಹಗಲು ಗದ್ದೆಯ ಕೆಲಸ, ಸಂಜೆಯ ಮೇಲೆ ಬಹಳ ಹೊತ್ತಿನವರೆಗೆ ವ್ಯಾಜ್ಯಗಳ ವಿಚಾರಣೆ, ಹೀಗೆ ಆಕೆಯ ದಿನಚರಿಯೆಂದು ಯಾತ್ರಿಕನು ಸ್ಥಳದಲ್ಲಿ ಕೇಳಿ ತಿಳಿದನು.

೪

ಇನ್ನು ಸಂಸಾರದ ವಿಷಯ. ಅಬ್ಬಕ್ಕದೇವಿಯ ಮದುವೆಯು ನೆರೆಯ ಬಂಗ ಅರಸನೊಡನೆ ನಡೆದಿದ್ದಿತು. ಲೋಕಪ್ರತೀತಿಯಲ್ಲಿ ಅವನ ಹೆಸರು ಲಕ್ಷ್ಮಪ್ಪ ಅರಸ ಎಂದಿದೆ. ಮದುವೆಯ ಬಳಿಕವೂ ರಾಣಿಯು ತನ್ನ ರಾಜ್ಯದಲ್ಲಿ, ಅರಸನು ತನ್ನ ರಾಜ್ಯದಲ್ಲಿ ಬೇರೆ ಬೇರೆಯಾಗಿಯೇ ಇದ್ದರು. ಇಬ್ಬರ ಸೀಮೆಗಳ ನಡುವೆ ಹೊಳೆಯು ಹರಿಯುತ್ತಿದ್ದಿತು. ಆಗಾಗ ಸಂಧಿಸುವರು, ಮತ್ತೆ ತಮ್ಮ ತಮ್ಮ ನೆಲಕ್ಕೆ ಮರಳುವರು. ಕಾಲಾನಂತರದಲ್ಲಿ ಇಬ್ಬರಿಗೂ ಮನಸ್ಸು ಮುರಿಯಿತು. ಆಗ ರಾಣಿಯು ಗಂಡನು ಕೊಟ್ಟಿದ್ದ ಒಡವೆಗಳನ್ನು ಅವನಿಗೆ ಹಿಂದಕ್ಕೆ ಕಳುಹಿಸಿಬಿಟ್ಟಳು. ಅಲ್ಲಿಗೆ ದಾಂಪತ್ಯವು ಮುಗಿಯಿತು.

ಈ ಸಂಗತಿಯನ್ನು ಓದುವ ಅನ್ಯದೇಶೀಯರಿಗೆ ಇದೊಂದು ಮಹಾಸಾಹಸವಾಗಿ ಕಾಣುವುದು. ಆದರೆ ಇಲ್ಲಿ ನಾವು ಎಚ್ಚರಿಕೆಯಿಂದ ನಡೆಯಬೇಕು. ತುಳುನಾಡಿನ ಅರಸುಮನೆತನಗಳಲ್ಲಿಯೂ ಬಂಟರೇ ಮೊದಲಾದ ಸಮುದಾಯಗಳಲ್ಲಿಯೂ ನಡೆದು ಬಂದುದು ಅಳಿಯಸಂತಾನದ ಕಟ್ಟು. ಭೂತಾಳಪಾಂಡ್ಯನ ಹೆಸರಿನೊಡನೆ ಸೇರಿಕೊಂಡಿರುವ ಈ ಕಟ್ಟಿನಂತೆ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿಯುವುದು. ಹೆಂಡತಿಯು ಗಂಡನ ಗೋತ್ರಕ್ಕೆ ದತ್ತಳಾಗಿ ಹೋಗುವುದಿಲ್ಲ. ತಾಯಿಮನೆಯೇ ಅವಳ ಮನೆ. ದಾಂಪತ್ಯವು ಮುರಿದರೆ ಅವಳು ಬೀದಿಗೆ ಬೀಳುವವಳಲ್ಲ. ಬ್ರಿಟಿಷರ ಕಾಲದಲ್ಲಿ ನ್ಯಾಯಸ್ಥಾನಗಳು ಈ ಕಟ್ಟನ್ನು ಅಂಗೀಕರಿಸಿ ತೀರ್ಪುಗಳನ್ನು ಕೊಟ್ಟುವು. ಮದರಾಸು ಶಾಸನಸಭೆಯು ೧೯೪೯ರಲ್ಲಿ ಇದಕ್ಕೆಂದೇ ಒಂದು ಶಾಸನವನ್ನು ಮಾಡಿತು. ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನವು ಬಂದ ಮೇಲೆ ಇದರ ಸ್ವರೂಪವು ಬಹಳ ಮಟ್ಟಿಗೆ ಮಾರ್ಪಟ್ಟಿತು.

ಆದುದರಿಂದ ಅಬ್ಬಕ್ಕದೇವಿಯು ಪಟ್ಟವೇರಿದುದಾಗಲಿ, ಗಂಡನ ಮನೆಗೆ ಹೋಗದೆ ತನ್ನ ನೆಲದಲ್ಲಿ ನಿಂತುದಾಗಲಿ, ಒಡವೆಗಳನ್ನು ಹಿಂದಕ್ಕೆ ಕಳುಹಿಸಿ ಬಿಡುಗಡೆ ಪಡೆದುದಾಗಲಿ ನಾಡಿನ ನ್ಯಾಯಕ್ಕೆ ವಿರುದ್ಧವಾದುದಲ್ಲ. ದೆಲ್ಲಾ ವಲ್ಲೆಯು ಕೊಡುವ ಇನ್ನೊಂದು ವಿವರವೂ ಇದನ್ನು ಸಮರ್ಥಿಸುವುದು. ರಾಣಿಯ ಬಳಿಕ ರಾಜ್ಯಕ್ಕೆ ಬರತಕ್ಕವನು ಆಕೆಯ ಮಗ ಸಾಳುವರಾಯ. ಬಂಗ ಅರಸನ ಬಳಿಕ ಬರತಕ್ಕವನು ಅವನ ಮಗನಲ್ಲ, ಅವನ ಸೋದರಿಯ ಮಗ. ಮೇಲುನೋಟಕ್ಕೆ ಒಂದು ಕಡೆ ಮಗನೂ ಇನ್ನೊಂದು ಕಡೆ ಅಳಿಯನೂ ಉತ್ತರಾಧಿಕಾರಿಯಾಗಿರುವುದು ಪರಸ್ಪರ ವಿರುದ್ಧವೆಂದು ತೋರಬಹುದು. ಆದರೆ ಎರಡೂ ಒಂದೇ ಸೂತ್ರದ ಫಲ: ಎರಡು ಕಡೆಯಲ್ಲಿಯೂ ಪಟ್ಟವು ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿದವನಿಗೇ ಇಳಿಯುವುದು. ಪರದೇಶದ ಯಾತ್ರಿಕನೊಬ್ಬನು ಈ ಸೂತ್ರವನ್ನು ಕಲ್ಪಿಸಿ ಬರೆಯಲಾರನು. ಅವನ ವರದಿಯು ನಂಬಲರ್ಹವೆಂಬುದಕ್ಕೆ ಇದು ಒಂದು ಒಳ್ಳೆಯ ನಿದರ್ಶನ.

ಹಾಗಾದರೆ ರೂಢಿಗೆ ಹೊರತಾದುದು ಯಾವುದು? ನಮ್ಮ ಅಭಿಪ್ರಾಯದಲ್ಲಿ, ಕಟ್ಟು ಕೊಟ್ಟ ಹಕ್ಕನ್ನು ಆಕೆ ಪೂರ್ಣವಾಗಿ ಬಳಸಿದುದೇ ರೂಢಿಗೆ ಹೊರತಾದುದು. ಹಕ್ಕುಗಳು ಮನೆಯ ಪೆಟ್ಟಿಗೆಯಲ್ಲಿ ಓಲೆಗಳಂತೆ ಇರುವುವು. ಅವುಗಳನ್ನು ಹೊರಗೆ ತೆಗೆದು ಓದುವವರು ವಿರಳ. ಪ್ರಬಲನಾದ ನೆರೆಯ ಅರಸನನ್ನು ಗಂಡನಾಗಿ ಪಡೆದವಳು ರಾಜ್ಯದ ಕ್ಷೇಮಕ್ಕಾಗಿಯಾದರೂ ಮನಸ್ಸನ್ನು ನುಂಗಿಕೊಂಡು ಇರುವಳೆಂದೇ ಎಲ್ಲರೂ ಎಣಿಸಿರಬೇಕು. ಆಕೆ ಹಾಗೆ ಇರಲಿಲ್ಲ.

೫

ಈ ನಿರ್ಧಾರದ ಫಲವು ಬೇಗನೆ ತೋರಿತು. ಒಡವೆಗಳು ಹಿಂದಕ್ಕೆ ಬಂದುದನ್ನು ಬಂಗ ಅರಸನು ಅಪಮಾನವೆಂದು ಭಾವಿಸಿದನು. ಒಂದು ದಿನ ರಾಣಿಯು ದೋಣಿಯಲ್ಲಿ ಹೊಳೆಯ ಮೇಲಿದ್ದಾಗ ಅವನ ಕಡೆಯವರು ಆಯುಧಪಾಣಿಗಳಾಗಿ ಬಂದು ಆಕೆಯನ್ನು ಹಿಡಿದರು. ರಾಣಿಯು ತನ್ನ ಮಾತಿನ ಬಲದಿಂದಲೇ ಬಿಡಿಸಿಕೊಂಡು ಉಳ್ಳಾಲಕ್ಕೆ ಮರಳಿದಳೆಂದು ಯಾತ್ರಿಕನು ಕೇಳಿದ ವೃತ್ತಾಂತ. ಮರಳಿದ ಕೂಡಲೆ ದಂಡನ್ನು ಕೂಡಿಸಿದಳು. ಬಂಗನು ಪೋರ್ಚುಗೀಸರ ಸಹಾಯವನ್ನು ಕೇಳಿದನು; ರಾಣಿಯು ಇಕ್ಕೇರಿಯ ವೆಂಕಟಪ್ಪನಾಯಕನ ಸಹಾಯವನ್ನು ಕೇಳಿದಳು.

ಹೀಗೆ ಗಂಡಹೆಂಡಿರ ಜಗಳವು ಎರಡು ದೊಡ್ಡ ಶಕ್ತಿಗಳ ಯುದ್ಧವಾಗಿ ಪರಿಣಮಿಸಿತು. ಇದಕ್ಕೆ ಕಾರಣವು ಆ ಕಾಲದ ಸ್ಥಿತಿಯಲ್ಲಿಯೇ ಇದ್ದಿತು. ೧೫೬೫ರಲ್ಲಿ ವಿಜಯನಗರದ ಬಲವು ಮುರಿದ ಮೇಲೆ ಕರಾವಳಿಯ ಸಣ್ಣ ಅರಸರ ಮೇಲೆ ಒಡೆಯರೆಂಬವರು ಹೆಸರಿಗೆ ಮಾತ್ರ ಉಳಿದರು. ೧೫೬೮ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆಯನ್ನು ಕಟ್ಟಿಕೊಂಡು ಸಮುದ್ರದ ಕಡೆಯಿಂದ ಒತ್ತಿದರು. ಕೆಳದಿಯ ನಾಯಕರು ಘಟ್ಟದ ಮೇಲಿನಿಂದ ಕೆಳಕ್ಕೆ ಒತ್ತಿದರು. ಸಣ್ಣ ಅರಸನೊಬ್ಬನು ತನ್ನ ನೆರೆಯವನನ್ನು ಗೆಲ್ಲಬೇಕಾದರೆ ಈ ಇಬ್ಬರಲ್ಲಿ ಒಬ್ಬನ ಕೈಯನ್ನು ಹಿಡಿಯಬೇಕಾಗಿದ್ದಿತು. ಹಿಡಿದ ಮೇಲೆ ಆ ಕೈಯು ಸುಲಭವಾಗಿ ಬಿಡುವಂತಹುದಲ್ಲ.

೧೬೧೮ರ ಸುಮಾರಿಗೆ ನಡೆದ ಯುದ್ಧದಲ್ಲಿ ವೆಂಕಟಪ್ಪನಾಯಕನ ದಂಡು ಬಂಗನನ್ನೂ ಅವನ ಸಹಾಯಕ್ಕೆ ಬಂದ ಪೋರ್ಚುಗೀಸರನ್ನೂ ಸೋಲಿಸಿತು. ಬಂಗನು ರಾಜ್ಯಭ್ರಷ್ಟನಾಗಿ ಕಾಸರಗೋಡಿನ ಕಡೆಗೆ ಹೋದನು. ೧೬೨೩ರಲ್ಲಿ ಇಕ್ಕೇರಿಗೆ ಬಂದ ಪೋರ್ಚುಗೀಸ್ ರಾಯಭಾರದ ಮುಖ್ಯವಿಷಯಗಳಲ್ಲಿ ಈ ಬಂಗನನ್ನು ಮತ್ತೆ ಪಟ್ಟಕ್ಕೆ ತರುವುದೂ ಒಂದು. ರಾಣಿಯು ಗೆದ್ದಳು. ಆದರೆ ಗೆದ್ದ ರಾಣಿಯು ಇಕ್ಕೇರಿಗೆ ಕಾಣಿಕೆಯನ್ನು ಒಪ್ಪಿಸುವ ಸ್ಥಿತಿಗೆ ಬಂದಳು. ಗಂಡನ ಹಿಡಿತದಿಂದ ಬಿಡಿಸಿಕೊಂಡ ರಾಜ್ಯವು ಘಟ್ಟದ ಮೇಲಿನ ದೊರೆಯ ನೆರಳಿನೊಳಗೆ ಬಂದಿತು. ತನ್ನ ಬಾಳನ್ನು ತಾನೇ ಆಳಬೇಕೆಂದು ಹೊರಟವಳು ತನ್ನ ರಾಜ್ಯದ ಸ್ವಾತಂತ್ರ್ಯದಲ್ಲಿ ಒಂದು ಪಾಲನ್ನು ತೆರಬೇಕಾಯಿತು. ಇದನ್ನು ಮರೆತು ಆಕೆಯನ್ನು ಕೇವಲ ಸ್ತುತಿಸುವುದು ಇತಿಹಾಸವಾಗಲಾರದು. ಬಂಗನ ಪ್ರಜೆಗಳು ಈ ಯುದ್ಧದಲ್ಲಿ ಅನುಭವಿಸಿದ ಕಷ್ಟವನ್ನೂ ಲೆಕ್ಕಕ್ಕೆ ತರಬೇಕು. ನೇತ್ರಾವತಿಯ ಎರಡು ದಡಗಳಲ್ಲಿಯೂ ಉಳುತ್ತಿದ್ದವರು ಒಂದೇ ಮಾತನ್ನಾಡುವ ಜನ.

ಅವಳ ಅಪಕೀರ್ತಿಗೆ ಕಾರಣವಾದ ಇನ್ನೊಂದು ಸುದ್ದಿಯನ್ನೂ ಯಾತ್ರಿಕನು ದಾಖಲೆ ಮಾಡಿರುವನು. ರಾಣಿಯ ಹಿರಿಯ ಮಗನು ಪ್ರಾಯಕ್ಕೆ ಬಂದು ತೀರಿಕೊಂಡನು. ಅಧಿಕಾರವನ್ನು ಬಿಟ್ಟುಕೊಡಲೊಲ್ಲದೆ ತಾಯಿಯೇ ವಿಷವಿಕ್ಕಿಸಿದಳೆಂದು ಜನರಾಡುತ್ತಿದ್ದರಂತೆ. ಇದು ಕೇಳಿದ ಮಾತೇ ಹೊರತು ಕಂಡ ಮಾತಲ್ಲ. ಒಂಟಿಯಾಗಿ ಆಳುವ ಹೆಂಗಸಿನ ಮನೆಯಲ್ಲಿ ಸಾವು ಸಂಭವಿಸಿದರೆ ಇಂತಹ ಮಾತು ಹುಟ್ಟುವುದು ಸಹಜ. ಅರಸನ ಮನೆಯಲ್ಲಿ ಸಂಭವಿಸಿದ್ದರೆ ಅದನ್ನು ಜ್ವರವೆಂದು ಹೇಳಿ ಮುಗಿಸುತ್ತಿದ್ದರು. ಆದರೂ ಅಧಿಕಾರವನ್ನು ಆಕೆ ಬಿಗಿಯಾಗಿ ಹಿಡಿದಿದ್ದಳೆಂಬ ಲೋಕದ ಅಭಿಪ್ರಾಯಕ್ಕೆ ಈ ಸುದ್ದಿಯು ಸಾಕ್ಷಿಯಾಗಿದೆ, ಅಪರಾಧಕ್ಕೆ ಸಾಕ್ಷಿಯಾಗಿಲ್ಲ.

೬

ಇಲ್ಲಿ ಕಾಲನಿರ್ಣಯದ ಒಂದು ಪ್ರಶ್ನೆಯನ್ನು ಬಿಡಿಸಬೇಕಾಗಿದೆ. ಪೋರ್ಚುಗೀಸರು ೧೫೫೫ರಲ್ಲಿಯೂ ೧೫೬೮ರಲ್ಲಿಯೂ ಉಳ್ಳಾಲದ ಮೇಲೆ ಬಿದ್ದರು. ಆಗ ಅವರನ್ನೆದುರಿಸಿದ ರಾಣಿಯ ಶೌರ್ಯವು ಕರಾವಳಿಯ ಕಥೆಗಳಲ್ಲಿಯೂ ಯಕ್ಷಗಾನಗಳಲ್ಲಿಯೂ ಬೆಳೆದು ಬಂದಿದೆ. ಜನರ ನೆನಪಿನಲ್ಲಿ ಆ ರಾಣಿ, ಬಂಗನನ್ನು ಬಿಟ್ಟ ರಾಣಿ, ಮಣೇಲಿನ ರಾಣಿ ಎಲ್ಲರೂ ಒಬ್ಬಳೇ ಅಬ್ಬಕ್ಕಳಾಗಿರುವರು. ಆದರೆ ೧೬೨೩ರಲ್ಲಿ ಸುಮಾರು ೪೦ ವರ್ಷದವಳಾಗಿ ಕಂಡವಳು ೧೫೮೩ರ ಸುಮಾರಿಗೆ ಹುಟ್ಟಿದವಳಾಗಬೇಕು. ಯಾತ್ರಿಕನ ಊಹೆಯಲ್ಲಿ ಹತ್ತು ವರ್ಷಗಳ ತಪ್ಪನ್ನೇ ಒಪ್ಪಿಕೊಂಡರೂ ಹುಟ್ಟಿದುದು ೧೫೭೩ರಲ್ಲಿ ಎಂದಾಗುವುದೇ ಹೊರತು ೧೫೬೮ರ ಯುದ್ಧವನ್ನು ನಡೆಸಿದವಳಾಗಲು ಸಾಧ್ಯವಿಲ್ಲ. ೧೫೬೮ರ ಯುದ್ಧದ ಪ್ರಸ್ತಾಪದಲ್ಲಿ ಪೋರ್ಚುಗೀಸ್ ಇತಿಹಾಸಕಾರರು ಹೇಳುವ ರಾಣಿಯ ಹೆಸರೂ ಬುಕ್ಕಾದೇವಿಯೆಂದು ಓದಬಹುದಾದ ಬೇರೊಂದು ಹೆಸರು. ಆದುದರಿಂದ ಚೌಟರ ವಂಶದಲ್ಲಿ ಒಂದು ತಲೆಮಾರಿಗಿಂತ ಹೆಚ್ಚು ಕಾಲ ರಾಣಿಯರು ಒಬ್ಬರ ಹಿಂದೊಬ್ಬರು ಆಳಿದರೆಂದೂ, ಜನರ ನೆನಪು ಅವರೆಲ್ಲರ ಕೀರ್ತಿಯನ್ನು ಒಂದೇ ಹೆಸರಿನ ಕೆಳಗೆ ಕೂಡಿಸಿತೆಂದೂ ತಿಳಿಯುವುದು ಯುಕ್ತವಾಗಿದೆ.

ಗಣಪತಿರಾವ್ ಐಗಳ್ ಅವರು ೧೯೨೩ರಲ್ಲಿ 'ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ'ವನ್ನು ಪ್ರಕಟಿಸಿ ಸ್ಥಳೀಯ ಐತಿಹ್ಯಗಳನ್ನು ಸಂಗ್ರಹಿಸಿದ ಕಾಲದಿಂದ ಈ ರಾಣಿಯರ ವಿಷಯದಲ್ಲಿ ಆಸಕ್ತಿಯು ಬೆಳೆಯುತ್ತ ಬಂದಿದೆ. ಬಂಟ್ವಾಳದಲ್ಲಿ ಆಕೆಯ ಹೆಸರಿನ ತುಳು ಅಧ್ಯಯನ ಕೇಂದ್ರವೂ ವಸ್ತುಸಂಗ್ರಹಾಲಯವೂ ಇವೆ. ಭಾರತದ ಕರಾವಳಿ ರಕ್ಷಣಾಪಡೆಯು ೨೦೧೨ರಲ್ಲಿ ತನ್ನ ಒಂದು ಹಡಗಿಗೆ ರಾಣಿ ಅಬ್ಬಕ್ಕ ಎಂದು ಹೆಸರಿಟ್ಟು ಸೇವೆಗೆ ಸೇರಿಸಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಯುದ್ಧದ ರಾಣಿಯ ಕೀರ್ತಿಯ ಬೆಳಕಿನಲ್ಲಿ ಕಾಲುವೆಯ ರಾಣಿಯು ಕಾಣದೆ ಹೋಗಬಾರದೆಂಬುದು ನಮ್ಮ ವಿಜ್ಞಾಪನೆ. ಶತ್ರುವಿನೊಡನೆ ಒಂದು ದಿನ ಹೋರಾಡುವುದಕ್ಕೆ ಬೇಕಾದ ಧೈರ್ಯವು ಒಂದು ಬಗೆಯದು. ನೆಂಟರಿಷ್ಟರ ನಡುವೆ, ತನಗೆ ಸರಿಯೆಂದು ತೋರಿದಂತೆ, ವರ್ಷದ ಎಲ್ಲ ದಿನಗಳಲ್ಲಿಯೂ ಬಾಳುವುದಕ್ಕೆ ಬೇಕಾದ ಧೈರ್ಯವು ಇನ್ನೊಂದು ಬಗೆಯದು. ಎರಡನೆಯದಕ್ಕೆ ಸಾಕ್ಷ್ಯಗಳು ಬಹಳ ಕಡಮೆ. ದೊರಕಿದ ಒಂದನ್ನು ಮೊದಲನೆಯದರೊಡನೆ ಬೆರಸಿ ಕಳೆದುಕೊಳ್ಳುವುದು ನಷ್ಟವೇ ಸರಿ.

೭

ಮಣೇಲಿಗೆ ಬರುವುದಕ್ಕೆ ಕೆಲವೇ ವಾರಗಳ ಮೊದಲು, ೧೬೨೩ರ ನವೆಂಬರಿನಲ್ಲಿ, ಇಕ್ಕೇರಿಯಲ್ಲಿ ದೆಲ್ಲಾ ವಲ್ಲೆಯು ಇನ್ನೊಬ್ಬ ಹೆಂಗಸನ್ನು ಕಂಡಿದ್ದನು. ಜಕ್ಕಮ್ಮನೆಂದು ನಾವು ಓದಬಹುದಾದ ಹೆಸರಿನ ಆಕೆ ವಾದ್ಯ ಬಾರಿಸುವವನೊಬ್ಬನ ವಿಧವೆ. ಗಂಡನು ತೀರಿಕೊಂಡು ಕೆಲವು ದಿನಗಳಾಗಿದ್ದುವು. ಆಕೆ ಸಹಗಮನಕ್ಕೆ ಸಿದ್ಧಳಾಗಿದ್ದಳು. ಯಾತ್ರಿಕನು ಆಕೆಯ ಮನೆಗೆ ಹೋಗಿ ದುಭಾಷಿಯ ಮೂಲಕ ಮಾತನಾಡಿ, ಮಕ್ಕಳ ಮುಖವನ್ನಾದರೂ ನೋಡಿ ಈ ನಿಶ್ಚಯವನ್ನು ಬಿಡಬೇಕೆಂದು ಬೇಡಿದನು. ತನ್ನನ್ನು ಯಾರೂ ಬಲಾತ್ಕರಿಸಲಿಲ್ಲ, ತನ್ನ ಇಷ್ಟದಿಂದಲೇ ಹೋಗುವೆನೆಂದು ಆಕೆ ನಗುಮುಖದಿಂದ ಉತ್ತರ ಕೊಟ್ಟಳು. ಆಕೆಯ ಸ್ಥೈರ್ಯವನ್ನು ಕಂಡು ಮರುಗಿದ ಯಾತ್ರಿಕನು ಆಕೆಯ ಮೇಲೆ ಪದ್ಯಗಳನ್ನು ರಚಿಸಿದನು.

ಈ ಎರಡು ಭೇಟಿಗಳನ್ನು ಒಟ್ಟಿಗೆ ಇಟ್ಟು ನೋಡುವುದು ಉಚಿತ. ಇಬ್ಬರೂ ತಮ್ಮ ಇಷ್ಟದಿಂದಲೇ ನಡೆದೆವೆಂದು ಹೇಳತಕ್ಕವರು. ಆದರೆ ಒಬ್ಬಳ ಇಷ್ಟಕ್ಕೆ ಊರೆಲ್ಲವೂ ವಾದ್ಯ ಬಾರಿಸಿ ಹೂವು ಮುಡಿಸಿತು. ಇನ್ನೊಬ್ಬಳ ಇಷ್ಟಕ್ಕೆ ಗಂಡನು ಆಯುಧವನ್ನೆತ್ತಿದನು, ಜನರು ವಿಷದ ಮಾತನ್ನಾಡಿದರು. ಲೋಕವು ಬಯಸಿದುದನ್ನೇ ತಾನೂ ಬಯಸಿದಾಗ ಇಷ್ಟವೆಂಬುದಕ್ಕೆ ಬೆಲೆ ಕೊಡಬೇಕಾಗಿಲ್ಲವೆಂದು ತೋರಬಹುದು. ಆದರೆ ಜಕ್ಕಮ್ಮನು ಕೊಟ್ಟ ಬೆಲೆ ಪ್ರಾಣ. ಅವಳ ಮಾತು ಎಷ್ಟರ ಮಟ್ಟಿಗೆ ಅವಳದು, ಎಷ್ಟರ ಮಟ್ಟಿಗೆ ಹುಟ್ಟಿದಂದಿನಿಂದ ಅವಳ ಕಿವಿಯಲ್ಲಿ ಬಿದ್ದುದು ಎಂಬುದನ್ನು ಅಳೆಯಲು ಕೋಲಿಲ್ಲ. ಅಬ್ಬಕ್ಕದೇವಿಯ ಇಷ್ಟವು ಅವಳದೇ ಎಂಬುದಕ್ಕೆ ಮಾತ್ರ ಒಂದು ಗುರುತಿದೆ: ಅದರಿಂದ ಯಾರ ಸಂತೋಷವನ್ನೂ ಅವಳು ಸಂಪಾದಿಸಲಿಲ್ಲ. ಘಟ್ಟದ ಮೇಲೆಯೂ ಕೆಳಗೆಯೂ ಹೆಂಗಸಿನ ಆಸ್ತಿಯ ಕಟ್ಟು ಬೇರೆ ಬೇರೆಯಾಗಿದ್ದುದನ್ನೂ ಇಲ್ಲಿ ನೆನೆಯಬೇಕು. ತಾಯಿಮನೆಯ ನೆಲವು ಕಾಲ ಕೆಳಗಿದ್ದವಳಿಗೆ ಗಂಡನಿಲ್ಲದೆಯೂ ಬಾಳುವ ದಾರಿಯಿದ್ದಿತು. ಸ್ವಭಾವದ ಧೈರ್ಯವು ನಿಲ್ಲುವುದಕ್ಕೂ ಒಂದು ನೆಲ ಬೇಕು.

೮

ಮಣೇಲಿನ ಬೀದಿಗೆ ಒಮ್ಮೆ ಹಿಂದಿರುಗಿ ಲೇಖನವನ್ನು ಮುಗಿಸುವೆವು. ಕಾಲುವೆಯ ಕಡೆಗೆ ಹೊರಟಿದ್ದ ರಾಣಿಯು ನಿಂತು ಪರದೇಶಿಯನ್ನು ಹಲವು ಪ್ರಶ್ನೆಗಳನ್ನು ಕೇಳಿದಳು: ಯಾವ ದೇಶದವನು, ಯಾವ ಯಾವ ನಾಡುಗಳನ್ನು ಕಂಡನು, ಎಲ್ಲಿಗೆ ಹೋಗುವನು? ಬಳಿಕ, ಮನೆಮಾರುಗಳನ್ನು ಬಿಟ್ಟು ಹೀಗೆ ಅಲೆಯುವುದಕ್ಕೆ ಪ್ರೇಮದಲ್ಲಿ ಉಂಟಾದ ದುಃಖವಾಗಲಿ ಪ್ರಿಯರಾದವರ ಮರಣವಾಗಲಿ ಕಾರಣವಾಗಿರಬಹುದೇ ಎಂಬ ಭಾವದ ಪ್ರಶ್ನೆಯನ್ನೂ ಹಾಕಿದಳು. ದೇಶದೇಶಗಳನ್ನು ಕಂಡು ತಿಳಿಯಬೇಕೆಂಬ ಕುತೂಹಲವೇ ಕಾರಣವೆಂಬುದು ಅವನು ಕೊಟ್ಟ ಉತ್ತರದ ಸಾರ.

ಅವನ ಚರಿತ್ರೆಯನ್ನು ಬಲ್ಲವರಿಗೆ ರಾಣಿಯ ಪ್ರಶ್ನೆಯು ಎಷ್ಟು ನಿಶಿತವಾದುದೆಂದು ತಿಳಿಯುವುದು. ಅವನು ಊರನ್ನು ಬಿಟ್ಟುದು ಪ್ರೇಮಭಂಗದಿಂದಲೇ. ೧೬೧೬ರಲ್ಲಿ ಬಗದಾದಿನಲ್ಲಿ ಮಾನಿ ಎಂಬ ಕನ್ಯೆಯನ್ನು ಮದುವೆಯಾಗಿದ್ದನು; ೧೬೨೧ರ ಕೊನೆಯಲ್ಲಿ ಪಾರಸಿಕ ಕರಾವಳಿಯ ಸಮೀಪದಲ್ಲಿ ಆಕೆ ತೀರಿಕೊಂಡಳು. ಆಕೆಯ ಶರೀರಕ್ಕೆ ಲೇಪನ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಮುಂದಿನ ಪ್ರಯಾಣಗಳಲ್ಲಿ ಒಯ್ದು, ಕಡೆಗೆ ೧೬೨೭ರಲ್ಲಿ ರೋಮಾನಗರದ ತನ್ನ ಕುಲದವರ ಸಮಾಧಿಸ್ಥಾನದಲ್ಲಿ ಇರಿಸಿದನು. ಅವನೂ ತನ್ನ ದೇಶದ ಶ್ರೀಮಂತರ ರೂಢಿಯನ್ನು ಬಿಟ್ಟು ತನಗೆ ತೋರಿದಂತೆ ಬಾಳಿದವನೇ. ಒಡವೆಗಳನ್ನು ಹಿಂದಕ್ಕೆ ಕಳುಹಿಸಿದವಳೊಬ್ಬಳು, ಹೆಂಡತಿಯ ಶವವನ್ನು ಕೈಬಿಡಲಾರದವನೊಬ್ಬನು, ಹೀಗೆ ದಾಂಪತ್ಯದ ವಿಷಯದಲ್ಲಿ ಎರಡು ಧ್ರುವಗಳಂತಿದ್ದವರು ಒಂದು ಗಳಿಗೆ ಬೀದಿಯಲ್ಲಿ ನಿಂತು ಮಾತನಾಡಿದರು. ಅವನು ಆಕೆಯ ಉಡುಪನ್ನು ಕಂಡು ದಾಸಿಯೆಂದೆಣಿಸುವಷ್ಟರಲ್ಲಿದ್ದನು. ಆಕೆ ಅವನ ಉಡುಪಿನ ಒಳಗಿದ್ದ ವ್ಯಥೆಯನ್ನು 'ಯಾಕೆ ಬಂದೆ' ಎಂಬ ಪ್ರಶ್ನೆಯಿಂದಲೇ ಮುಟ್ಟಿದಳು. ಇಬ್ಬರಲ್ಲಿ ಹೆಚ್ಚು ಚೆನ್ನಾಗಿ ನೋಡಬಲ್ಲವರು ಯಾರು ಎಂಬುದನ್ನು ವಾಚಕರೇ ನಿರ್ಣಯಿಸಬಹುದು.

ಮೇಲಿನ ವಿಚಾರದಿಂದ ಸಿದ್ಧವಾಗುವುದು ಇಷ್ಟು. ಅಬ್ಬಕ್ಕದೇವಿಯ ಸ್ವತಂತ್ರವೃತ್ತಿಗೆ ಆಧಾರವಾದುದು ನಾಡಿನ ಕಟ್ಟು. ಅದನ್ನು ಬಾಳಿನಲ್ಲಿ ಸಂಪೂರ್ಣವಾಗಿ ನಡೆಸಿದುದು ಆಕೆಯ ಸ್ವಂತ ಗುಣ. ಅದಕ್ಕೆ ತೆತ್ತುದು ರಾಜ್ಯದ ಸ್ವಾತಂತ್ರ್ಯದ ಒಂದು ಪಾಲು ಮತ್ತು ಲೋಕದ ಒಳ್ಳೆಯ ಮಾತು. ಚೌಟರು, ಬಂಗರು, ಅಜಿಲರು ಆಳಿದ ಸೀಮೆಗಳಲ್ಲಿ ಇಂದು ಅರಸುತನವಿಲ್ಲ. ಆದರೆ ಸಿದ್ಧಕಟ್ಟೆಯ ಸುತ್ತಣ ಬೈಲುಗಳಲ್ಲಿಯೂ ಮಳೆಗಾಲ ಕಳೆದ ಮೇಲೆ ನೀರಿನ ಲೆಕ್ಕವು ಅದೇ ಲೆಕ್ಕ. ಆ ಲೆಕ್ಕವನ್ನು ತಾನೇ ನೋಡಬೇಕೆಂದು ಬರಿಗಾಲಿನಲ್ಲಿ ಹೊರಟ ರಾಣಿಯೊಬ್ಬಳಿದ್ದಳೆಂಬುದನ್ನು ನಾಡಿನ ಇತಿಹಾಸವು ಆಕೆಯ ವಂಶದವರ ಯುದ್ಧಗಳೊಡನೆ ಸಮಾನವಾಗಿ ನೆನೆಯತಕ್ಕದ್ದು.